ಖಾಲಿ ಬುಟ್ಟಿನೂ ಲೆಕ್ಕಕ್ಕೆ ಬೇಕು

ಗಾಳ ಹಾಕಿ ಕೂತಿರೋರ ಹತ್ರ ಹಾಳೆ ಪೆನ್ನು ಹಿಡ್ಕೊಂಡು ಹೋದ್ರೆ ಬಹಳಷ್ಟು ಜನ ಮೊದಲು ಹೇಳೋದು ಒಂದೇ ಮಾತು, "ಇವತ್ತು ಏನೂ ಬಿದ್ದಿಲ್ಲ ಸರ್, ಮುಂದೆ ಯಾರನ್ನಾದ್ರೂ ಕೇಳಿ." ಗಾಳದೋರು ಕೆರೇಲಿ ಎಷ್ಟು ಮೀನು ಹಿಡೀತಾರೆ ಅಂತ ಲೆಕ್ಕ ಹಾಕೋ ಕೆಲಸಕ್ಕೆ ಹೊಸದಾಗಿ ಸೇರಿದಾಗ ನಾನೂ ಸರಿ ಅಂತ ಮುಂದಕ್ಕೆ ಹೋಗಿಬಿಡ್ತಿದ್ದೆ, ಬುಟ್ಟಿ ತುಂಬಿದೋರ ಹತ್ರಾನೇ ಕುಕ್ಕರಗಾಲಲ್ಲಿ ಕೂತು ಉದ್ದ ತೂಕ ಎಲ್ಲಾ ಬರ್ಕೊತಿದ್ದೆ, ಅವರಿಗೂ ಖುಷಿ ನನಗೂ ಖುಷಿ. ತಿಂಗಳ ಕೊನೇಲಿ ಲೆಕ್ಕ ಹಾಕಿದ್ರೆ ಕೆರೇಲಿ ನೀರಿಗಿಂತ ಮೀನೇ ಜಾಸ್ತಿ ಇದೆಯೇನೋ ಅನ್ನೋ ಥರ ಬಂತು. ಹಿರಿಯರೊಬ್ಬರು ಹಾಳೆ ತಿರುವಿ ಹಾಕಿ "ಬರಿಗೈಲಿ ಮನೆಗೆ ಹೋದೋನು ಒಬ್ಬನೂ ಇಲ್ವೇನಯ್ಯ ಇದ್ರಲ್ಲಿ?" ಅಂದ್ರು. ಕೇಳಿದ್ದು ಅಷ್ಟೇ, ಒಂದು ತಿಂಗಳ ಕೆಲಸ ಕಸಕ್ಕೆ ಹೋಯ್ತು.

ಈ ಕೆಲಸಕ್ಕೆ ಕ್ರೀಲ್ ಸರ್ವೆ ಅಂತಾರೆ. ಕ್ರೀಲ್ ಅಂದ್ರೆ ಗಾಳದೋರು ಹಿಡಿದ ಮೀನು ಹಾಕ್ಕೊಳ್ಳೋ ಹೆಣೆದ ಬುಟ್ಟಿ, ಈಗ ಅದರ ಜಾಗಕ್ಕೆ ಬಕೆಟ್ಟೋ ಐಸ್ ಬಾಕ್ಸೋ ಬಂದಿದೆ, ಹೆಸರು ಮಾತ್ರ ಉಳ್ಕೊಂಡಿದೆ. ನಮಗೆ ಬೇಕಾಗಿರೋದು ಎರಡೇ ಸಂಖ್ಯೆ, ಎಲ್ಲರೂ ಸೇರಿ ಒಟ್ಟು ಎಷ್ಟು ಗಂಟೆ ಗಾಳ ಹಾಕಿದ್ರು, ಗಂಟೆಗೆ ಎಷ್ಟು ಮೀನು ಬಿತ್ತು. ಒಂದನ್ನೊಂದು ಗುಣಿಸಿದ್ರೆ ಆವತ್ತು ಸಿಕ್ಕಿದ ಮೀನಿನ ಅಂದಾಜು ಬರತ್ತೆ. ತಲೆನೋವಿರೋದು ಆ ಎರಡು ಸಂಖ್ಯೆ ಹುಟ್ಟೋ ಜಾಗದಲ್ಲಿ.

ಮೊದಲನೇದು ಪರವಾಗಿಲ್ಲ. ದಿನವಿಡೀ ದಡದಲ್ಲಿ ನಿಂತು ಯಾರು ಬಂದ್ರು ಯಾರು ಹೋದ್ರು ಅಂತ ಬರ್ಕೊಳ್ಳೋಕಾಗಲ್ಲ, ಹಾಗಾಗಿ ಚೀಟಿ ಎತ್ತಿ ಮೂರು ಹೊತ್ತು ಆರಿಸ್ಕೊತೀವಿ, ಆ ಹೊತ್ತಿಗೆ ಸರಿಯಾಗಿ ಕೆರೆ ಸುತ್ತ ಕಣ್ಣಾಡಿಸಿ ತಲೆ ಎಣಿಸ್ತೀವಿ. 12, 20, 7 ಅಂತ ಸಿಕ್ತು ಅನ್ಕೊಳ್ಳಿ, ಸರಾಸರಿ 13, ಬೆಳಕಿರೋದು 12 ಗಂಟೆ, ಅಲ್ಲಿಗೆ 156 ಗಂಟೆ ಗಾಳ. ಎಣಿಸ್ಬೇಕಾಗಿರೋದು ಜನಾನ, ರಾಡ್‌ನಲ್ಲ, ಒಬ್ಬನೇ ಮೂರು ರಾಡ್ ನೆಟ್ಟು ಮರದಡಿ ಮಲಗಿರ್ತಾನೆ. ರಜಾ ದಿನಗಳ ಎಣಿಕೆ ಬೇರೆ, ವಾರದ ದಿನಗಳದ್ದು ಬೇರೆ ಇಡ್ಬೇಕು, ಭಾನುವಾರದ ಜಾತ್ರೆ ನೋಡಿ ಮಂಗಳವಾರದ ಲೆಕ್ಕ ಹೇಳೋಕಾಗಲ್ಲ. ಮತ್ತೆ ಆ ಚೀಟಿಗೆ ಮೋಸ ಮಾಡ್ಬಾರ್ದು. ಹೇಗೂ ಈಗ ಯಾರೂ ಇರಲ್ಲ, ಹತ್ತು ಗಂಟೆಗೆ ಹೋಗೋಣ ಅಂತ ಮನಸ್ಸು ಹೇಳತ್ತೆ, ಆದ್ರೆ ಜನ ಇರೋ ಹೊತ್ತು ನೋಡ್ಕೊಂಡು ಹೋಗಿ ಎಣಿಸಿದ್ರೆ ಜನ ಇದ್ದೇ ಇರ್ತಾರೆ ಬಿಡಿ.

ಎರಡನೇದರಲ್ಲೇ ಎಲ್ಲರೂ ಎಡವೋದು. ಗೇಟ್ ಹತ್ರ ನಿಂತು ಮನೆಗೆ ಹೊರಟ ಮೂರು ಜನರನ್ನ ಕೇಳಿದ್ವಿ ಅನ್ಕೊಳ್ಳಿ. ಒಬ್ಬ ಬಂದು ಅರ್ಧ ಗಂಟೇಲಿ 2 ಮೀನು ಹಿಡಿದು ಹೊರಟ, ಇನ್ನೊಬ್ಬ 6 ಗಂಟೆ ಕೂತು 3 ಹಿಡಿದ, ಮೂರನೆಯವನು ಮೂರೂವರೆ ಗಂಟೆ ಕೂತ್ರೂ ಸೊನ್ನೆ. ಒಬ್ಬೊಬ್ಬರದೇ ಗಂಟೆಗೆ ಎಷ್ಟು ಅಂತ ತೆಗೆದ್ರೆ 4, ಅರ್ಧ, ಸೊನ್ನೆ, ಅದರ ಸರಾಸರಿ ಒಂದೂವರೆ. ಅದೇ ಒಟ್ಟು ಮೀನು 5, ಒಟ್ಟು ಗಂಟೆ 10 ಅಂತ ಭಾಗಿಸಿದ್ರೆ ಅರ್ಧ. ಮೊದಲಿನ 156ಕ್ಕೆ ಗುಣಿಸಿ ನೋಡಿ, ಒಂದು ದಾರೀಲಿ 234 ಮೀನು, ಇನ್ನೊಂದು ದಾರೀಲಿ 78. ಅದೇ ಕೆರೆ, ಅದೇ ಮೂರು ಜನ! ಗೇಟ್ ಹತ್ರ ಕೇಳಿದ್ದಾದ್ರೆ ಸರಿ ಇರೋದು 78ರ ದಾರಿ, ಅಂದ್ರೆ ಒಟ್ಟು ಮೀನನ್ನ ಒಟ್ಟು ಗಂಟೆಯಿಂದ ಭಾಗಿಸೋದು, ಯಾಕಂದ್ರೆ ಆ ಅರ್ಧ ಗಂಟೆಯವನ ಅದೃಷ್ಟಕ್ಕೆ ಆರು ಗಂಟೆ ಕೂತವನಷ್ಟೇ ತೂಕ ಕೊಡೋಕಾಗಲ್ಲ.

ಗೇಟೇ ಇಲ್ಲದ ಕೆರೆ ಆದ್ರೆ ದಡದಲ್ಲಿ ನಡ್ಕೊಂಡು, ಇನ್ನೂ ಗಾಳ ಹಾಕ್ತಿರೋರನ್ನೇ ಮಾತಾಡಿಸ್ಬೇಕು, ಅಲ್ಲಿ ಕಥೆ ಉಲ್ಟಾ. ಆರು ಗಂಟೆ ಕೂರೋನು ನಿಮ್ಮ ಕಣ್ಣಿಗೆ ಬೀಳೋ ಸಾಧ್ಯತೆ ಒಂದು ಗಂಟೆಯವನಿಗಿಂತ ಆರು ಪಟ್ಟು ಜಾಸ್ತಿ, ಅಂದ್ರೆ ಹೆಚ್ಚು ಹೊತ್ತು ಕೂರೋನ ತೂಕ ಆಗಲೇ ಲೆಕ್ಕದೊಳಗೆ ಬಂದುಬಿಟ್ಟಿರತ್ತೆ. ಅದಕ್ಕೆ ಇಲ್ಲಿ ಒಬ್ಬೊಬ್ಬರ ದರ, ಅಂದ್ರೆ ಗಂಟೆಗೆ ಎಷ್ಟು ಮೀನು ಅನ್ನೋದನ್ನ, ತೆಗೆದೇ ಸರಾಸರಿ ಮಾಡೋದು, ಆದ್ರೆ ಬಂದು ಅರ್ಧ ಗಂಟೆನೂ ಆಗಿಲ್ಲದೋರನ್ನ ಬಿಟ್ಟುಬಿಡ್ತೀವಿ, ಹತ್ತು ನಿಮಿಷಕ್ಕೆ ಒಂದು ಮೀನು ಬಿದ್ದವನ ದರ ಗಂಟೆಗೆ 6 ಅಂತಾಗಿ ಇಡೀ ಸರಾಸರೀನ ಎಳ್ಕೊಂಡು ಹೋಗತ್ತೆ. ಎಷ್ಟೋ ವರದಿಗಳಲ್ಲಿ ಈ ಎರಡು ದಾರಿ ಕಲಸಿಬಿಟ್ಟಿರೋದು ನೋಡಿದೀನಿ, ನೋಡಿದಾಗೆಲ್ಲ ಮೈ ಉರಿಯತ್ತೆ.

ಇನ್ನು ಅಳತೆ. ಬಾಯಲ್ಲಿ ಹೇಳಿದ ಉದ್ದ ಯಾವತ್ತೂ ಬರ್ಕೊಬೇಡಿ. ಮೀನಿನ ತೂಕ ಹೆಚ್ಚುಕಮ್ಮಿ ಉದ್ದದ ಘನಕ್ಕೆ ತಕ್ಕ ಹಾಗೆ ಏರತ್ತೆ, ಉದ್ದದಲ್ಲಿ ಹತ್ತು ಪರ್ಸೆಂಟ್ ಬಡಾಯಿ ಕೊಚ್ಚಿದ್ರೆ ತೂಕದಲ್ಲಿ ಮೂವತ್ಮೂರು ಪರ್ಸೆಂಟ್ ಜಾಸ್ತಿ ಆಗೋಯ್ತು. ಸುಳ್ಳು ಹೇಳ್ಬೇಕು ಅಂತೇನಿಲ್ಲ ಪಾಪ, 23 ಅನ್ನೋದು 25 ಆಗತ್ತೆ, 28 ಅನ್ನೋದು 30 ಆಗತ್ತೆ, ಹಾಳೆ ತುಂಬ ಐದೈದರ ಗುಣಕಗಳೇ ಕಂಡ್ರೆ ಪಟ್ಟಿ ಇಟ್ಟು ಅಳೆದಿಲ್ಲ ಅಂತ್ಲೇ ಅರ್ಥ. ನಾನು ಅಳತೆ ಹಲಗೇನ ಮೊದಲು ನೀರಲ್ಲಿ ನೆನೆಸ್ತೀನಿ, ಕೈನೂ ಒದ್ದೆ ಮಾಡ್ಕೊತೀನಿ, ಒಣಕೈಲಿ ಹಿಡಿದ್ರೆ ಮೈ ಮೇಲಿನ ಲೋಳೆ ಕಿತ್ತುಬರತ್ತೆ, ವಾಪಸ್ ನೀರಿಗೆ ಬಿಡೋ ಮೀನಿಗೆ ಅದು ಒಳ್ಳೇದಲ್ಲ. ಬಾಯಿ ಮುಚ್ಚಿ ಮೂತಿನ ಹಲಗೆಯ ತಲೆಗೆ ತಾಗಿಸಿ, ಬಾಲದ ಎರಡೂ ಎಸಳು ಒತ್ತಿ ಹಿಡಿದು ತುದಿವರೆಗೆ ಓದ್ಬೇಕು. ಬಾಲದ ಕವಲಿನವರೆಗೆ ಅಳೆಯೋ ಪದ್ಧತಿನೂ ಇದೆ, ಯಾವುದಾದ್ರೂ ಸರಿ, ಯಾವ್ದು ಅಂತ ಹಾಳೆ ಮೇಲೆ ಬರೀರಿ, ಇಲ್ಲಾಂದ್ರೆ ಮುಂದಿನ ವರ್ಷದವರು ನಿಮ್ಮನ್ನ ಬೈಕೊಂಡು ಕೂರ್ತಾರೆ.

ಹಿಡಿದು ಬಿಟ್ಟ ಮೀನಿಗೆ ಬೇರೆ ಕಾಲಂ, ಮನೆಗೆ ಒಯ್ಯೋದಕ್ಕೆ ಬೇರೆ. ಬಿಟ್ಟಿದ್ದು ನಮ್ಮ ಕಣ್ಣಿಗೆ ಬೀಳಲ್ಲ, ಅವರ ಮಾತೇ ಆಧಾರ, ಅದನ್ನ ಅಳೆದಿದ್ದರ ಜೊತೆ ಬೆರೆಸ್ಬಾರ್ದು. ಕೇಳೋ ಕ್ರಮನೂ ಮುಖ್ಯ, ನಾನು ಮೀನಿನ ಸುದ್ದಿನೇ ಎತ್ತಲ್ಲ, "ಎಷ್ಟೊತ್ತಿಗೆ ಬಂದ್ರಿ ಯಜಮಾನ್ರೇ?" ಅಂತ ಶುರು ಮಾಡ್ತೀನಿ. ಬರಿಗೈಲಿರೋರಿಗೆ ಇದಕ್ಕೆ ಉತ್ತರ ಹೇಳೋಕೆ ಮುಜುಗರ ಇರಲ್ಲ, ಮಾತು ಶುರುವಾದ್ಮೇಲೆ ಸೊನ್ನೆನೂ ನಿರಾಳವಾಗಿ ಹೇಳ್ತಾರೆ.

ಇಷ್ಟೆಲ್ಲಾ ಮಾಡಿ ದರ ಚೆನ್ನಾಗಿ ಬಂತು ಅಂದ ಮಾತ್ರಕ್ಕೆ ಕೆರೇಲಿ ಮೀನು ಚೆನ್ನಾಗಿದೆ ಅಂತಲ್ಲ. ನೀರು ಇಳಿದಾಗ ಇದ್ದಬದ್ದ ಮೀನೆಲ್ಲ ಆಳದ ಗುಂಡಿಗೆ ಸೇರ್ಕೊಳತ್ತೆ, ಗಾಳದೋರಿಗೆ ಆ ಗುಂಡಿ ಎಲ್ಲಿದೆ ಅಂತ ನಮಗಿಂತ ಚೆನ್ನಾಗಿ ಗೊತ್ತು, ಮೀನು ಕಮ್ಮಿ ಆಗ್ತಿದ್ರೂ ಗಂಟೆಯ ಲೆಕ್ಕ ಮೇಲೇ ನಿಂತಿರತ್ತೆ. ಅದಕ್ಕೇ ನಾನು ದರದ ಪಕ್ಕದಲ್ಲಿ ಯಾವಾಗ್ಲೂ ಅಳೆದ ಉದ್ದಗಳ ಪಟ್ಟಿ ಇಟ್ಕೊಂಡು ನೋಡೋದು, ಮರಿಗಳೇ ಕಾಣ್ದೆ ಬರೀ ದೊಡ್ಡವೇ ಬರ್ತಿದ್ರೆ ಗಾಳದ ಕೊಕ್ಕೆ ದೊಡ್ಡದಾಯ್ತಾ ಇಲ್ಲಾ ಹೊಸ ಮರಿ ಆಗ್ತಿಲ್ವಾ ಅಂತ ವಿಚಾರಿಸ್ಬೇಕಾಗತ್ತೆ.

ನಾಳೆಗೆ ಚೀಟೀಲಿ ಬೆಳಗಿನ ಆರು ಗಂಟೆ ಬಂದಿದೆ. ಮೋಡ ನೋಡಿದ್ರೆ ರಾತ್ರಿಯೆಲ್ಲಾ ಮಳೆ ಹೊಡೆಯೋ ಹಾಗಿದೆ, ದಡದಲ್ಲಿ ಒಂದು ನರಪಿಳ್ಳೆನೂ ಇರಲ್ಲ. ಆದ್ರೂ ರೇನ್‌ಕೋಟ್ ಹಾಕ್ಕೊಂಡು ಹೋಗಿ ಸುತ್ತ ನೋಡಿ ಹಾಳೇಲಿ ಸೊನ್ನೆ ಅಂತ ಬರ್ಕೊಂಡು ಬರ್ಬೇಕು.