ಪೆಟ್ರೋಲ್ ಹಾಕಿಸಿದ ಕೂಡಲೇ ಕಾರು ಯಾಕೆ ಆಫ್ ಆಗುತ್ತದೆ?

ಪ್ರಶ್ನೆ: ಟ್ಯಾಂಕ್ ತುಂಬಿಸಿ ಹೊರಡುವಾಗ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಸ್ಟಾರ್ಟ್ ಆದರೂ ಐಡ್ಲಿಂಗ್‌ನಲ್ಲಿ ನಡುಗಿ ಆಫ್ ಆಗುತ್ತದೆ. ಹೇಗೋ ಐದು ನಿಮಿಷ ಓಡಿಸಿದರೆ ಸರಿಹೋಗುತ್ತದೆ. ಮೂರು ಬಂಕ್ ಬದಲಿಸಿದೆ. ಎಲ್ಲ ಕಡೆ ಕಲಬೆರಕೆಯೇ?

ಉತ್ತರ: ಮೂರು ಬಂಕ್ ಬದಲಿಸಿದರೂ ತೊಂದರೆ ಬದಲಾಗಲಿಲ್ಲ ಎಂದಿದ್ದೀರಿ. ಅರ್ಧ ಉತ್ತರ ಅಲ್ಲೇ ಇದೆ. ಇದೇ ಪ್ರಶ್ನೆಗೆ ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಪ್ರತಿ ಸಲ ಕಾರು ಬೇರೆ, ಊರು ಬೇರೆ, ಆದರೆ ‘ಕಲಬೆರಕೆ’ ಎಂಬ ಮಾತು ಮಾತ್ರ ಅದೇ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೆ ಓದಿ.

ನಿಮ್ಮ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಪರ್ಜ್ ವಾಲ್ವ್. ಟ್ಯಾಂಕಿನಲ್ಲಿ ಪೆಟ್ರೋಲ್ ಸದಾ ಆವಿಯಾಗುತ್ತಿರುತ್ತದೆ. ಆ ಆವಿ ಗಾಳಿಗೆ ಸೇರದಂತೆ ಇದ್ದಿಲು ತುಂಬಿದ ಒಂದು ಡಬ್ಬಿ, ಅಂದರೆ ಚಾರ್ಕೋಲ್ ಕ್ಯಾನಿಸ್ಟರ್, ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಪರ್ಜ್ ವಾಲ್ವನ್ನು ಅಳತೆಯಲ್ಲಿ ತೆರೆದು ಮುಚ್ಚುತ್ತಾ ಆ ಆವಿಯನ್ನು ಎಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡ್‌ಗೆ ಬಿಟ್ಟು ಸುಟ್ಟುಹಾಕುತ್ತದೆ. ಕರೆಂಟ್ ಇಲ್ಲದಾಗ ಈ ವಾಲ್ವ್ ಮುಚ್ಚಿರಬೇಕು. ಕೆಟ್ಟು ತೆರೆದೇ ನಿಂತರೆ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಬಾಗಿಲೇ ಇಲ್ಲದಂತಾಗುತ್ತದೆ.

ಇನ್ನು ಪೆಟ್ರೋಲ್ ತುಂಬಿಸುವಾಗ ಆಗುವುದನ್ನು ನೋಡಿ. ಒಳಗೆ ಹೋಗುವ ಒಂದೊಂದು ಲೀಟರ್ ಪೆಟ್ರೋಲೂ ಅಷ್ಟೇ ಜಾಗದಲ್ಲಿದ್ದ ಆವಿ ತುಂಬಿದ ಗಾಳಿಯನ್ನು ಹೊರದಬ್ಬುತ್ತದೆ. ಆಗ ಕ್ಯಾನಿಸ್ಟರ್ ಮತ್ತು ಅದರ ಪೈಪುಗಳಲ್ಲಿ ಆವಿ ದಟ್ಟವಾಗಿ ತುಂಬಿರುತ್ತದೆ. ನೀವು ಸೆಲ್ಫ್ ಹೊಡೆದ ಕೂಡಲೇ ಎಂಜಿನ್ ಅದನ್ನೆಲ್ಲ ಎಳೆದುಕೊಳ್ಳುತ್ತದೆ. ತೂಕದಲ್ಲಿ ಸುಮಾರು 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಎಂಬ ಅಳತೆ ಕೆಟ್ಟು ಪೆಟ್ರೋಲೇ ಹೆಚ್ಚಾಗುತ್ತದೆ, ಎಂಜಿನ್ನಿಗೆ ಉಸಿರುಕಟ್ಟುತ್ತದೆ. ಐಡ್ಲಿಂಗ್‌ನಲ್ಲಿ ಒಳಬರುವ ಗಾಳಿ ಕಡಿಮೆ, ಹಾಗಾಗಿ ಅಲ್ಲೇ ಹೊಡೆತ ಜಾಸ್ತಿ. ಆಕ್ಸಿಲರೇಟರ್ ಒತ್ತಿದರೆ ಗಾಳಿ ಹೆಚ್ಚಿ ಎಂಜಿನ್ ಉಸಿರಾಡುತ್ತದೆ. ಆವಿ ಖರ್ಚಾದ ಮೇಲೆ ಎಲ್ಲವೂ ಸರಿ, ಮತ್ತೆ ಟ್ಯಾಂಕ್ ತುಂಬಿಸುವವರೆಗೆ.

ಈಗ ಕಲಬೆರಕೆಯ ಮಾತು. ಈ ನಂಬಿಕೆಯಿಂದ ಜನ ಫ್ಯೂಯಲ್ ಪಂಪ್ ಬದಲಿಸಿದ್ದಾರೆ, ಟ್ಯಾಂಕ್ ಇಳಿಸಿ ತೊಳೆಸಿದ್ದಾರೆ, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನ್ ಮಾಡಿಸಿದ್ದಾರೆ. ಮುಂದಿನ ಸಲ ಟ್ಯಾಂಕ್ ತುಂಬಿಸಿದಾಗ ಮತ್ತೆ ಅದೇ ಪಾಡು.

ಒಂದು ಸಣ್ಣ ಲೆಕ್ಕ ಹಾಕೋಣ. ಟ್ಯಾಂಕಿನಿಂದ ಎಂಜಿನ್ ತನಕದ ಪೈಪು 4 ಮೀಟರ್ ಉದ್ದ, ಒಳವ್ಯಾಸ 6 ಮಿಲಿಮೀಟರ್ ಎಂದುಕೊಳ್ಳಿ. ಅದರೊಳಗೇ 110 ಮಿಲಿಲೀಟರಿನಷ್ಟು ಹಳೆಯ ಪೆಟ್ರೋಲ್ ಇರುತ್ತದೆ. ಐಡ್ಲಿಂಗ್‌ನಲ್ಲಿ ಗಂಟೆಗೆ 0.8 ಲೀಟರ್ ಕುಡಿಯುವ ಎಂಜಿನ್ ಅಷ್ಟನ್ನು ಮುಗಿಸಲು ಸುಮಾರು 8 ನಿಮಿಷ ಬೇಕು. ಬಂಕಿನಲ್ಲಿ ಸೆಲ್ಫ್ ಹೊಡೆದಾಗ ಉರಿಯುವುದು ಈಗ ಹಾಕಿಸಿದ ಪೆಟ್ರೋಲ್ ಅಲ್ಲವೇ ಅಲ್ಲ, ನಿಮ್ಮನ್ನು ಅಲ್ಲಿಯವರೆಗೆ ಚೆನ್ನಾಗಿಯೇ ಕರೆತಂದ ಹಳೆಯ ಪೆಟ್ರೋಲ್. ಇನ್ನೂ ಎಂಜಿನ್ ಮುಟ್ಟದ ಪೆಟ್ರೋಲ್ ಅದನ್ನು ಆಫ್ ಮಾಡುವುದಾದರೂ ಹೇಗೆ? ಉಳಿದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪ್ ಇರುವ ಹಳೆಯ ಇಂಜೆಕ್ಷನ್ ಕಾರುಗಳಲ್ಲಿ ಪೆಟ್ರೋಲ್ ಸದಾ ಸುತ್ತುತ್ತಿರುವುದರಿಂದ ಹೊಸದು ಬೇಗ ಬಂದುಬಿಡುತ್ತದೆ, ಅಲ್ಲಿ ಈ ಲೆಕ್ಕ ನಡೆಯದು.

ನಡೆಯದಿದ್ದರೂ ಚಿಂತೆಯಿಲ್ಲ, ಇನ್ನೊಂದು ವಾದ ಎಲ್ಲ ಕಾರಿಗೂ ಸಲ್ಲುತ್ತದೆ. ಕೆಟ್ಟ ಪೆಟ್ರೋಲ್ ಐದು ನಿಮಿಷದಲ್ಲಿ ಒಳ್ಳೆಯದಾಗುವುದಿಲ್ಲ. ನೀರು ಸೇರಿದ್ದರೆ ಅದು ಪೆಟ್ರೋಲಿಗಿಂತ ಭಾರ, ತಳಕ್ಕಿಳಿಯುತ್ತದೆ. ಪಂಪ್ ಎಳೆಯುವುದೂ ತಳದಿಂದಲೇ. ಆಗ ಕಾರು ಏರಿನಲ್ಲೂ ಎಡವುತ್ತದೆ, ವೇಗದಲ್ಲೂ ಎಡವುತ್ತದೆ, ಮರುದಿನ ಬೆಳಿಗ್ಗೆಯೂ ಎಡವುತ್ತದೆ. ನಿಮ್ಮ ಕಾರು ಹಾಗೆ ಮಾಡುತ್ತಿಲ್ಲ. ಕಲಬೆರಕೆ ಎಂಬುದು ಲೋಕದಲ್ಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದರ ಲಕ್ಷಣ ಇದಲ್ಲ ಎನ್ನುತ್ತಿದ್ದೇನೆ.

ಪರೀಕ್ಷೆ ಸುಲಭ. ವಾಲ್ವ್ ಸಾಮಾನ್ಯವಾಗಿ ಬಾನೆಟ್ ಕೆಳಗೆ ಇಂಟೇಕ್ ಹತ್ತಿರ ಇರುತ್ತದೆ, ಕೆಲವು ಕಾರುಗಳಲ್ಲಿ ಟ್ಯಾಂಕಿನ ಪಕ್ಕ. ಹತ್ತಿರ ಬೆಂಕಿ, ಬೀಡಿ, ಸಿಗರೇಟು ಬೇಡ. ತಿರುಗುವ ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿರಲಿ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ವಾಲ್ವಿನ ವಿದ್ಯುತ್ ಕನೆಕ್ಟರ್ ಕಳಚಿ. ಕ್ಯಾನಿಸ್ಟರ್ ಕಡೆಯಿಂದ ಬರುವ ಪೈಪನ್ನು ವಾಲ್ವಿನಿಂದ ಬಿಡಿಸಿ, ವಾಲ್ವಿನ ಆ ಬಾಯಿಗೆ ಬೆರಳಿಡಿ. ಬೆರಳನ್ನು ಎಳೆದರೆ ವಾಲ್ವ್ ಸತ್ತಿದೆ. ಎಳೆಯದಿದ್ದರೆ ಆ ಹೊತ್ತಿಗೆ ಅದು ಸರಿಯಾಗಿಯೇ ಮುಚ್ಚಿದೆ. ಕನೆಕ್ಟರ್ ಹಾಕಿದ್ದಾಗ ಬಿಸಿ ಎಂಜಿನ್ನಿನಲ್ಲಿ ಟಿಕ್ ಟಿಕ್ ಸದ್ದು, ಸಣ್ಣ ಎಳೆತ ಇರುವುದು ದೋಷವಲ್ಲ. ಸ್ಕ್ಯಾನರ್‌ನಲ್ಲಿ ಬೇಡದ ಹೊತ್ತಲ್ಲೂ ಆವಿ ಹರಿಯುತ್ತಿದೆ ಎನ್ನುವ ಪಿ 0496 ಕೋಡ್ ಕಂಡರೆ ಅನುಮಾನ ಗಟ್ಟಿಯಾಗುತ್ತದೆ, ಆದರೆ ಎಷ್ಟೋ ಕಾರುಗಳು ಯಾವ ಕೋಡನ್ನೂ ತೋರಿಸುವುದಿಲ್ಲ. ಕೋಡ್ ಇಲ್ಲವೆಂದರೆ ದೋಷವಿಲ್ಲ ಎಂದುಕೊಳ್ಳಬೇಡಿ.

ಹಳೆಯ ವಾಲ್ವನ್ನು ಬಿಳಿ ಕಾಗದದ ಮೇಲೆ ತಟ್ಟಿ. ಕಪ್ಪು ಕಾಳು ಉದುರಿದರೆ ಕ್ಯಾನಿಸ್ಟರ್ ಒಳಗೆ ಒಡೆದು ಇದ್ದಿಲು ಹೊರಬರುತ್ತಿದೆ ಎಂದರ್ಥ. ಅದನ್ನು ಬಿಟ್ಟು ವಾಲ್ವ್ ಮಾತ್ರ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ನಾಝಲ್ ‘ಟಕ್’ ಎಂದು ನಿಂತ ಮೇಲೂ ಇನ್ನಷ್ಟು, ಇನ್ನಷ್ಟು ಎಂದು ತುಂಬಿಸುವವರ ಕಾರಿನಲ್ಲಿ ದ್ರವ ಪೆಟ್ರೋಲೇ ಕ್ಯಾನಿಸ್ಟರ್‌ಗೆ ನುಗ್ಗಿ ಇದ್ದಿಲನ್ನು ನೆನೆಸುತ್ತದೆ. ಆಗ ವಾಲ್ವ್ ಸರಿಯಿದ್ದರೂ ಇದೇ ಗೋಳು. ಟಕ್ ಎಂದರೆ ಸಾಕು, ನಿಲ್ಲಿಸಿಬಿಡಿ.

ಅಂದಹಾಗೆ, ಸದ್ಯ ಬಂಕಿನಲ್ಲಿ ಕಾರು ಸ್ಟಾರ್ಟ್ ಆಗದಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಬಹುತೇಕ ಕಾರುಗಳಲ್ಲಿ ಆಗ ಇಸಿಯು ಇಂಜೆಕ್ಟರ್‌ಗಳನ್ನು ನಿಲ್ಲಿಸಿ ಗಾಳಿಯನ್ನಷ್ಟೇ ಬಿಡುತ್ತದೆ. ಎಂಜಿನ್ ಹತ್ತಿಕೊಂಡ ಕೂಡಲೇ ಕಾಲು ಸಡಿಲಿಸಿ.

ನೀವು ಕೇಳದಿದ್ದರೂ ಇನ್ನೊಂದು ವಿಷಯ. ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಬುಸ್ ಎಂದು ಸಣ್ಣ ಸದ್ದು ಬರುವುದು ಸಹಜ, ಹೆದರಬೇಡಿ. ಆದರೆ ಗಾಳಿ ಹೊರಕ್ಕೆ ಬರುವ ಬದಲು ಜೋರಾಗಿ, ಬಹಳ ಹೊತ್ತು ಒಳಕ್ಕೆ ನುಗ್ಗಿದರೆ ಕಿವಿಗೊಡಿ. ಕ್ಯಾನಿಸ್ಟರ್ ಉಸಿರಾಡುವ ವೆಂಟ್ ದಾರಿ ಧೂಳು, ಕೆಸರು ಅಥವಾ ಜೇಡದ ಗೂಡಿನಿಂದ ಕಟ್ಟಿರಬಹುದು. ಹೊರಗಾಳಿ ಬಾರದೆ ಟ್ಯಾಂಕಿನಲ್ಲಿ ನಿರ್ವಾತವಾದರೆ ಪಂಪ್ ಪೆಟ್ರೋಲ್ ಎಳೆಯಲು ತಿಣುಕುತ್ತದೆ. ಇಂಥ ಕಾರು ಆಫ್ ಆಗುವುದು ಬಂಕಿನಲ್ಲಲ್ಲ, ಒಂದಷ್ಟು ದೂರ ಓಡಿದ ಮೇಲೆ ದಾರಿಯಲ್ಲಿ. ಹಾಗೆ ನಿಂತಾಗ ಮುಚ್ಚಳ ತೆಗೆದು, ಗಾಳಿ ಒಳಹೋದ ಮೇಲೆ ಮುಚ್ಚಿ ಸೆಲ್ಫ್ ಹೊಡೆಯಿರಿ. ತಕ್ಷಣ ಹತ್ತಿಕೊಂಡರೆ ಗ್ಯಾರೇಜಿನಲ್ಲಿ ಪರ್ಜ್ ವಾಲ್ವ್ ಜೊತೆ ವೆಂಟ್ ವಾಲ್ವನ್ನೂ, ಅದರ ಫಿಲ್ಟರನ್ನೂ ತೋರಿಸಿ.