ರಿಯೂನಿಯನ್ ದ್ವೀಪ: ಮೂಡಿಗೆರೆ–ಕಡೂರು ದಾರಿ ನೆನೆದು ಬರೆದ ಟಿಪ್ಪಣಿ

ಮೂಡಿಗೆರೆಯಲ್ಲಿ ಬಸ್ಸು ಹತ್ತಿ ಚಿಕ್ಕಮಗಳೂರಿನ ಮೇಲೆ ಕಡೂರಿಗೆ ಬನ್ನಿ. 70 ಕಿ.ಮೀ. ಆಸುಪಾಸು. ಹತ್ತುವಾಗ ಕಾಫಿ ತೋಟ, ಮೆಣಸಿನ ಬಳ್ಳಿ, ಜಡಿಮಳೆ. ಇಳಿಯುವಾಗ ತೆಂಗು, ರಾಗಿ ಹೊಲ, ಒಣ ಗಾಳಿ. ರಿಯೂನಿಯನ್ ದ್ವೀಪದ ಈ ತುದಿಯಿಂದ ಆ ತುದಿಗೂ ಹೆಚ್ಚುಕಡಿಮೆ ಇಷ್ಟೇ ದೂರ. ಅಷ್ಟರಲ್ಲೇ ಉರಿಯುವ ಬೆಟ್ಟ, ದಟ್ಟ ಕಾಡು, ಒಣ ಹುಲ್ಲುಗಾವಲು, ಬಿಳಿ ಮರಳು, ಕಪ್ಪು ಮರಳು, ಕಡಿದಾದ ಬಂಡೆಯ ದಡ ಎಲ್ಲವೂ ಇವೆ. ಸುಮ್ನೆ ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ನಾನು ಪ್ರತಿ ಜಾಗಕ್ಕೂ ಮೂರು ಪ್ರಶ್ನೆ ಹಾಕಿಕೊಂಡು ಓದಿದೆ. ಇಲ್ಲಿನ ಲಾವಾ ಎಷ್ಟು ಹಳೆಯದು? ಮಳೆಗಾಳಿ ಯಾವ ಕಡೆಯಿಂದ? ಸಮುದ್ರ ಇಲ್ಲಿ ಏನು ಮಾಡುತ್ತಿದೆ?

ದ್ವೀಪ ಇರುವುದು ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನಿಂದ ಪೂರ್ವಕ್ಕೆ ಸುಮಾರು 700 ಕಿ.ಮೀ. ದೂರ. ಫ್ರಾನ್ಸಿಗೆ ಸೇರಿದ್ದು. ವಿಸ್ತೀರ್ಣ ಸುಮಾರು 2,500 ಚ.ಕಿ.ಮೀ., ಅಂದರೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಸುಮಾರು ಮೂರನೇ ಒಂದು ಪಾಲು.

ಹುಟ್ಟಿನ ಕಥೆ ನಮಗೂ ಸೇರಿದ್ದು. ನೆಲದಾಳದಲ್ಲಿ ಒಂದು ಬಿಸಿ ಜಾಗವಿದೆ, ಅದಕ್ಕೆ ಹಾಟ್‌ಸ್ಪಾಟ್ ಎನ್ನುತ್ತಾರೆ. ಮೇಲಿನ ಭೂಫಲಕ ನಿಧಾನವಾಗಿ ಸರಿಯುತ್ತಿರುತ್ತದೆ. ಒಲೆ ಅಲ್ಲೇ ಇದೆ, ಕಾವಲಿ ಮಾತ್ರ ಜರುಗುತ್ತಿದೆ ಅಂದುಕೊಳ್ಳಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ಒಲೆಯ ಮೇಲಿದ್ದದ್ದು ಭಾರತ ಎಂದು ಹೆಚ್ಚಿನ ಭೂವಿಜ್ಞಾನಿಗಳು ಹೇಳುತ್ತಾರೆ. ಆಗ ಉಕ್ಕಿ ಹರಡಿದ ಲಾವಾವೇ ದಖ್ಖನ್ ಟ್ರ್ಯಾಪ್ ಎಂಬ ಕಲ್ಲುಹಾಸು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲು ಅದರದ್ದೇ. ಎರೆಮಣ್ಣು ಆ ಕಲ್ಲು ಸವೆದು ಆದದ್ದು. ಭಾರತ ಉತ್ತರಕ್ಕೆ ಸರಿದ ಮೇಲೆ ಅದೇ ಒಲೆ ಮಾಲ್ಡೀವ್ಸ್ ಸಾಲಿನ ಬುಡವನ್ನು ಕಟ್ಟಿತು, ಆಮೇಲೆ ಮಾರಿಷಸ್, ಈಗ ರಿಯೂನಿಯನ್.

ಮೊದಲ ಪ್ರಶ್ನೆಗೆ ಬರೋಣ. ದ್ವೀಪದಲ್ಲಿ ಎರಡು ದೊಡ್ಡ ಬೆಟ್ಟ. ವಾಯವ್ಯದ ಪಿಟಾನ್ ದೆ ನೇಜ್ ಹಳೆಯದು, ಸುಮಾರು 3,070 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಈ ಹಳೆಯ ಬೆಟ್ಟ ಸಾವಿರಾರು ವರ್ಷಗಳಿಂದ ತಣ್ಣಗಿದೆ. ಅದರ ಮೈ ಕುಸಿದು, ಮಳೆಗೆ ಕೊರೆದುಹೋಗಿ ಮೂರು ಭಾರೀ ಬಟ್ಟಲುಗಳಾಗಿವೆ: ಸಿಲಾವೋಸ್, ಸಲಾಜಿ, ಮಫಾತ್. ಮಫಾತ್ ಒಳಗೆ ಇವತ್ತಿಗೂ ವಾಹನದ ರಸ್ತೆ ಇಲ್ಲ. ಅಲ್ಲಿನ ಹಳ್ಳಿಗಳಿಗೆ ನಡೆದೇ ಹೋಗಬೇಕು, ಸಾಮಾನು ಹೆಲಿಕಾಪ್ಟರಿನಲ್ಲಿ ಬರುತ್ತದೆ.

ಇಲ್ಲಿ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಈ ಬಟ್ಟಲುಗಳು ಜ್ವಾಲಾಮುಖಿಯ ಬಾಯಿ ಅಲ್ಲ. ನಮ್ಮ ಬಾಬಾಬುಡನ್‌ಗಿರಿಯ ಅರ್ಧಚಂದ್ರದಂಥ ಬೆಟ್ಟಸಾಲು ನೋಡಿದಾಗಲೂ ಹಾಗೇ ಅನಿಸುತ್ತದೆ, ಅಲ್ವಾ? ಅಲ್ಲಿ 250 ಕೋಟಿ ವರ್ಷಕ್ಕೂ ಹಳೆಯ ಲಾವಾ ಕಲ್ಲು ಇರುವುದೇನೋ ನಿಜ. ಆದರೆ ಆ ಆಕಾರ ಬಂದದ್ದು ಕಲ್ಲಿನ ಪದರಗಳು ಮಡಿಚಿ, ಸವೆದು.

ಆಗ್ನೇಯದ ಪಿಟಾನ್ ದ ಲಾ ಫೂರ್ನೇಸ್ ಕಿರಿಯದು, ಸುಮಾರು 2,630 ಮೀಟರ್. ಪ್ರಪಂಚದಲ್ಲಿ ಪದೇ ಪದೇ ಉಕ್ಕುವ ಜ್ವಾಲಾಮುಖಿಗಳಲ್ಲಿ ಇದೂ ಒಂದು. ಇದರ ಲಾವಾ ತೆಳು, ದೋಸೆ ಹಿಟ್ಟಿನ ಹಾಗೆ ಹರಡಿಕೊಳ್ಳುತ್ತದೆ. ಅದಕ್ಕೇ ಬೆಟ್ಟದ ಇಳಿಜಾರು ಅಗಲ. ಇಂಥದ್ದಕ್ಕೆ ಗುರಾಣಿ ಜ್ವಾಲಾಮುಖಿ ಎಂದು ಹೆಸರು. ಬೆಟ್ಟದ ಹತ್ತಿರದ ಮರಳು ಬಯಲಿನಲ್ಲಿ ಕೆಂಪು-ಕಂದು ಬೂದಿ, ಪುಡಿಗಲ್ಲು ಬಿಟ್ಟರೆ ಹಸಿರು ತೀರಾ ಕಡಿಮೆ.

ಎರಡನೇ ಪ್ರಶ್ನೆ ಗಾಳಿಯದು. ನಮಗೆ ಮುಂಗಾರು ನೈಋತ್ಯದಿಂದ ಬರುತ್ತದೆ. ಮೂಡಿಗೆರೆ ನೆನೆಯುತ್ತದೆ, ಕಡೂರು ಮಳೆ ನೆರಳಿಗೆ ಬೀಳುತ್ತದೆ. ರಿಯೂನಿಯನ್‌ನಲ್ಲಿ ವಾಣಿಜ್ಯ ಮಾರುತ ಎಂಬ ನಿತ್ಯದ ಗಾಳಿ ಬೀಸುವುದು ಆಗ್ನೇಯದಿಂದ. ಹಾಗಾಗಿ ಅಲ್ಲಿನ ಮೂಡಿಗೆರೆ ಪೂರ್ವಕ್ಕೆ, ಕಡೂರು ಪಶ್ಚಿಮಕ್ಕೆ. ಇಷ್ಟು ತಿರುಗಿಸಿಕೊಂಡರೆ ಸಾಕು. ಪೂರ್ವದ ಎತ್ತರದ ಇಳಿಜಾರಿನಲ್ಲಿ ವರ್ಷಕ್ಕೆ ಹತ್ತು ಸಾವಿರ ಮಿ.ಮೀ. ದಾಟುವ ಜಾಗಗಳಿವೆ. ಪಶ್ಚಿಮ ಕರಾವಳಿಯಲ್ಲಿ ಒಂದು ಸಾವಿರವೂ ಆಗದ ಕಡೆಗಳಿವೆ, ಅಲ್ಲಿ ಹುಲ್ಲು ಒಣಗಿ ಹಳದಿಯಾಗುತ್ತದೆ. ಇದರ ಮೇಲೆ ಚಂಡಮಾರುತ ಬೇರೆ. 2007ರ ಫೆಬ್ರುವರಿಯಲ್ಲಿ ಕೊಮರ್ಸನ್ ಎಂಬಲ್ಲಿ ಮೂರೇ ದಿನಕ್ಕೆ 3,930 ಮಿ.ಮೀ. ಸುರಿಯಿತು. ಅದು ವಿಶ್ವದಾಖಲೆ.

ಪರೀಕ್ಷೆಗೆ ಬರಲಿಕ್ಕಿಲ್ಲ, ಆದರೂ ಕಾಫಿ ಸೀಮೆಯವರಾದ ನಮಗೆ ಇದು ಗೊತ್ತಿರಬೇಕು. ಈ ದ್ವೀಪದ ಹಳೆಯ ಹೆಸರು ಬೂರ್ಬಾನ್. ಅರೇಬಿಕಾದ ಬೂರ್ಬಾನ್ ತಳಿಗೆ ಹೆಸರು ಬಂದದ್ದು ಇಲ್ಲಿಂದಲೇ. ಬಾಬಾಬುಡನ್ ತಂದರು ಎನ್ನುವ ಏಳು ಬೀಜಗಳ ಹಾಗೆ, 1715ರಲ್ಲಿ ಫ್ರೆಂಚರು ಅಲ್ಲಿಗೆ ಒಯ್ದ ಗಿಡಗಳೂ ಯೆಮೆನ್‌ನವು.

ಮೂರನೇ ಪ್ರಶ್ನೆ ದಡದ್ದು. ನನಗೆ ಅತ್ಯಂತ ಇಷ್ಟವಾದ ಭಾಗ ಇದೇ, ಯಾಕೆಂದರೆ ಮೊದಲ ಎರಡು ಉತ್ತರಗಳೂ ಇಲ್ಲಿ ಬಂದು ಕೂಡುತ್ತವೆ. ಪಶ್ಚಿಮದಲ್ಲಿ ಲಾವಾ ಹಳೆಯದು, ಗಾಳಿಗೆ ಬೆಟ್ಟವೇ ಮರೆ, ಮಳೆ ಕಡಿಮೆಯಾದ್ದರಿಂದ ನದಿಗಳು ತರುವ ಕೆಸರೂ ಕಡಿಮೆ. ಹವಳಕ್ಕೆ ಬೇಕಾದದ್ದು ಇಂಥ ತಿಳಿಯಾದ, ಬೆಚ್ಚಗಿನ ನೀರು. ಆದ್ದರಿಂದ ಹವಳದ ದಿಬ್ಬ ಇರುವುದು ಪಶ್ಚಿಮ, ನೈಋತ್ಯದ ಈ ಕಡೆ ಮಾತ್ರ. ದಿಬ್ಬದ ಒಳಗೆ ಕೆರೆಯಂತೆ ಶಾಂತವಾದ ನೀರು, ಅದೇ ಲಗೂನ್. ಲೆರ್ಮಿತಾಜ್‌ನ ಬಿಳಿ ಮರಳು ಹವಳದ ಪುಡಿ. ಅಲ್ಲಿಂದ ದಕ್ಷಿಣಕ್ಕೆ ಎತಾಂ ಸಾಲೆಗೆ ಬಂದರೆ ಮರಳು ಕಪ್ಪು. ಅದು ಲಾವಾ ತಣ್ಣಗಾಗಿ ಆದ ಬಸಾಲ್ಟ್ ಕಲ್ಲಿನ ಪುಡಿ. ಮರಳಿನ ಬಣ್ಣ ನೋಡಿಯೇ ಅದು ಎಲ್ಲಿಂದ ಬಂತು ಎಂದು ಹೇಳಬಹುದು.

ಪೂರ್ವದಲ್ಲಿ ತುಂಬಿ ಹರಿಯುವ ನದಿಗಳು ಉರುಟು ಕಲ್ಲುಗಳನ್ನು ತಂದು ದಡಕ್ಕೆ ಹಾಕುತ್ತವೆ. ಲಗೂನ್ ಇಲ್ಲ. ದಕ್ಷಿಣದಲ್ಲಿ ಕಪ್ಪು ಬಂಡೆಯ ಗೋಡೆಗೆ ಅಲೆ ನೇರವಾಗಿ ಬಡಿಯುತ್ತದೆ. ಮೇಲೆ ನಮ್ಮ ಕೇದಗೆಯ ಜಾತಿಗೇ ಸೇರಿದ ವಕೋವಾ ಗಿಡಗಳು ನಿಂತಿವೆ.

ಇನ್ನು ಆಗ್ನೇಯದ ಗ್ರಾಂ ಬ್ರೂಲೆ. ಹೆಸರಿನ ಅರ್ಥವೇ ದೊಡ್ಡ ಸುಟ್ಟ ಜಾಗ. ಲಾವಾ ಇಳಿದು ಹೆದ್ದಾರಿಯನ್ನು ಎಷ್ಟೋ ಸಲ ಮುಚ್ಚಿದೆ. ತಣ್ಣಗಾದ ಲಾವಾದ ಮೇಲೆ ಮೊದಲು ಬೂದುಬಣ್ಣದ ಕಲ್ಲುಹೂವು, ಆಮೇಲೆ ಜರೀಗಿಡ, ನಿಧಾನಕ್ಕೆ ಮರ. ಯಾವ ಹರಿವು ಯಾವ ಕಾಲದ್ದು ಎಂದು ಅದರ ಮೇಲಿನ ಹಸಿರನ್ನು ನೋಡಿ ಅಂದಾಜು ಮಾಡಬಹುದು. 2007ರ ಏಪ್ರಿಲ್‌ನಲ್ಲಿ ಬಂದ ಲಾವಾ ಟ್ರಾಂಬ್ಲೆ ಊರಿನ ಬಳಿ ಸಮುದ್ರಕ್ಕೆ ಸುರಿದು ದ್ವೀಪಕ್ಕೆ ಹೊಸ ನೆಲ ಸೇರಿಸಿತು. ಅಲೆಗಳು ಆ ಕಲ್ಲನ್ನು ಒಡೆದು ಒಂದು ಕಪ್ಪು ದಡ ಮಾಡಿದವು. ಅದರ ಮರಳಿನಲ್ಲಿ ಒಲಿವೀನ್ ಎಂಬ ಖನಿಜದ ಹಸಿರು ಹರಳುಗಳಿವೆ. ನಮ್ಮ ತರಗತಿಯ ಎಷ್ಟೋ ಜನರಿಗಿಂತ ಆ ದಡ ವಯಸ್ಸಿನಲ್ಲಿ ಚಿಕ್ಕದು.