ಧ್ರುವಪ್ರಭೆಯ ಪ್ರವಾಸಕ್ಕೆ ಮುನ್ನ ಕೆರೆ ಏರಿಯ ಮೇಲೆ ಮೂರು ರಾತ್ರಿ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿರುವ ನನ್ನ ಸ್ಟುಡಿಯೋಕ್ಕೆ ಮದುವೆ ಆಲ್ಬಮ್ ಮಾಡಿಸಲು ಬರುವವರ ನಡುವೆ ಈಗ ನಾರ್ವೆಯ ವಿಚಾರ ಕೇಳಲು ಬರುವವರೂ ಇದ್ದಾರೆ. ವರ್ಷಕ್ಕೊಮ್ಮೆ ಎಂಟು ಜನರ ತಂಡ ಕಟ್ಟಿಕೊಂಡು ರಾತ್ರಿಯ ಆಕಾಶದಲ್ಲಿ ಆಡುವ ಬಣ್ಣದ ಬೆಳಕಾದ ಉತ್ತರ ಧ್ರುವಪ್ರಭೆ (ಅರೋರಾ) ತೋರಿಸಲು, ಅದರ ಚಿತ್ರ ತೆಗೆಯುವುದನ್ನು ಕಲಿಸಲು ಹೋಗುವುದು ನನ್ನ ಕಸುಬಿನ ಒಂದು ಭಾಗವಾಗಿದೆ. ಬಂದವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಷ್ಟು ದುಡ್ಡು ಕೊಟ್ಟು ಹೋದರೆ ಖಂಡಿತ ಕಾಣುತ್ತದೆಯೇ ಸಾರ್?"

ನಮ್ಮ ಜಿಲ್ಲೆಯವರಿಗೆ ಇದಕ್ಕೆ ಉತ್ತರ ಹೇಳುವುದು ಸುಲಭ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿ, ಕಾಯಿ ಎದ್ದು ನಿಂತ ಕಡೆ "ಇಲ್ಲೇ ಪಾಯಿಂಟು, ಮೂರಿಂಚು ನೀರು" ಎಂದವರನ್ನು ನಂಬಿ, ಸಾವಿರ ಅಡಿ ಕೊರೆಸಿ, ಬರೀ ದೂಳು ಕಂಡ ಮನೆಗಳು ಇಲ್ಲಿ ಊರೂರಿನಲ್ಲಿವೆ. ಧ್ರುವಪ್ರಭೆ ಗ್ಯಾರಂಟಿ ಎನ್ನುವ ಜಾಹೀರಾತೂ ಅದೇ ಜಾತಿಯದು. ಯಾವ ಗೈಡ್ ಕೂಡ ಬೆಳಕನ್ನು ತರಿಸಲಾರ. ಅವನ ಕೈಯಲ್ಲಿರುವುದು ಒಂದೇ ಕೆಲಸ: ಆ ರಾತ್ರಿ ಮೋಡವಿಲ್ಲದ ಜಾಗ ಎಲ್ಲಿದೆ ಎಂದು ಕಂಡುಹಿಡಿದು, ಅದು ಎಷ್ಟು ದೂರವಿದ್ದರೂ ನಿಮ್ಮನ್ನು ಅಲ್ಲಿಗೆ ಮುಟ್ಟಿಸುವುದು. ನೀವು ಹಣ ಕೊಡುವುದು ಆ ಓಡಾಟಕ್ಕೆ. ಇದು ಮನಸ್ಸಿಗೆ ಬಂದರೆ ಪ್ರವಾಸ ಆರಿಸುವ ಅರ್ಧ ಕೆಲಸ ಮುಗಿದಂತೆ.

ಸೂರ್ಯನಿಂದ ಹೊರಟ ವಿದ್ಯುದಾವೇಶದ ಕಣಗಳು ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ, ಧ್ರುವಗಳ ಸುತ್ತ ಬಳೆಯಂತಿರುವ ಪ್ರದೇಶದಲ್ಲಿ ಕೆಳಗಿಳಿದು, ಮೇಲಿನ ವಾತಾವರಣದ ಆಮ್ಲಜನಕ, ಸಾರಜನಕಗಳಿಗೆ ಬಡಿದಾಗ ಈ ಬೆಳಕು ಹುಟ್ಟುತ್ತದೆ. ಹಸಿರು ಆಮ್ಲಜನಕದ್ದು, ಸುಮಾರು 100ರಿಂದ 150 ಕಿಲೋಮೀಟರ್ ಎತ್ತರದ್ದು. 200 ಕಿಲೋಮೀಟರಿಗೂ ಮೇಲೆ ಅದೇ ಆಮ್ಲಜನಕ ಕೆಂಪು ಸೂಸುತ್ತದೆ. ಕೆಳಗಿನ ಅಂಚಿನ ಗುಲಾಬಿ, ನೇರಳೆ ಸಾರಜನಕದ್ದು. ಬೆಳಕು ಇರುವುದು ನೂರು ಕಿಲೋಮೀಟರ್ ಮೇಲೆ, ಮೋಡ ಇರುವುದು ಕೆಲವೇ ಕಿಲೋಮೀಟರ್ ಮೇಲೆ. ಆಕಾಶದಲ್ಲಿ ಎಂಥ ಉತ್ಸವ ನಡೆದಿದ್ದರೂ ನಡುವೆ ಮೋಡದ ಚಪ್ಪರ ಇದ್ದರೆ ನಮಗೆ ಏನೂ ಇಲ್ಲ.

ಆ ಸೂರ್ಯನನ್ನು ದಿನವೂ ಕಾಯುತ್ತಿರುವವರು ನಮ್ಮ ಗೌರಿಬಿದನೂರಿನಲ್ಲೇ ಇದ್ದಾರೆ ಎಂಬುದು ನನಗೆ ಯಾವಾಗಲೂ ಹೆಮ್ಮೆಯ ಸಂಗತಿ. ಅಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ ಸೂರ್ಯನ ಹೊರ ಆವರಣವಾದ ಕರೋನಾವನ್ನು ರೇಡಿಯೋ ಅಲೆಗಳಲ್ಲಿ ಚಿತ್ರಿಸುವ ಆಂಟೆನಾ ಸಾಲುಗಳು 1997ರಿಂದ ಕೆಲಸ ಮಾಡುತ್ತಿವೆ. ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ನಡೆಸುವುದೂ ಕೋಲಾರದ ದಾರಿಯಲ್ಲಿ ಸಿಗುವ ಹೊಸಕೋಟೆಯಿಂದಲೇ. 2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬಡಿದಾಗ ಹಾನ್ಲೆಯ ಆಕಾಶದಲ್ಲೂ ಕೆಂಪು ಹೊಳಪು ಕ್ಯಾಮೆರಾಗಳಿಗೆ ಸಿಕ್ಕಿತು. ಅದನ್ನು ಪತ್ರಿಕೆಯಲ್ಲಿ ನೋಡಿದವರು, ಮುಂದಿನ ಸಲ ಲಡಾಖಿಗೆ ಹೋದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಸಾಲದು. ಅದು ಬಹಳ ಅಪರೂಪದ ಬಿರುಗಾಳಿ. ಟಿಕೆಟ್ ತೆಗೆದುಕೊಂಡು ಕಾಯುವಂಥದ್ದಲ್ಲ. ನೋಡಲೇಬೇಕೆಂದರೆ ಆ ಬಳೆಯ ಕೆಳಗೆ ಹೋಗಿ ನಿಲ್ಲಬೇಕು. ನಾರ್ವೆಯ ಟ್ರೊಮ್ಸೊ, ಸ್ವೀಡನ್ನಿನ ಅಬಿಸ್ಕೊ, ಫಿನ್ಲೆಂಡಿನ ಲ್ಯಾಪ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕಾದ ಫೇರ್‌ಬ್ಯಾಂಕ್ಸ್, ಕೆನಡಾದ ಯೆಲ್ಲೋನೈಫ್ ಎಲ್ಲವೂ ಅದರ ಕೆಳಗೋ ಪಕ್ಕದಲ್ಲೋ ಇವೆ.

ನಾನು ಮೊದಲ ಸಲ ಟ್ರೊಮ್ಸೊಗೆ ಹೋದಾಗ ದರ ಕಡಿಮೆ ಎಂದು ದೊಡ್ಡ ಬಸ್ಸಿನ ಪ್ರವಾಸ ಆರಿಸಿಕೊಂಡಿದ್ದೆ. ಐವತ್ತು ಜನರನ್ನು ಊರಾಚೆಯ ಒಂದು ಬಯಲಿಗೆ ಕರೆದೊಯ್ದು, ನಾಲ್ಕು ತಾಸು ಬಿಸಿ ಚಾಕೊಲೇಟ್ ಕುಡಿಸಿ, ಮೋಡದ ಕೆಳಗೇ ನಿಲ್ಲಿಸಿ ವಾಪಸ್ ತಂದುಬಿಟ್ಟರು. ಮಾರನೆಯ ದಿನ ತಿಂಡಿಯ ಹೊತ್ತಿಗೆ ಪಕ್ಕದ ಮೇಜಿನವರು ಹಿಂದಿನ ರಾತ್ರಿಯ ತಮ್ಮ ಚಿತ್ರಗಳನ್ನು ತೋರಿಸಿದರು. ಅವರ ಗೈಡ್ ಮಿನಿಬಸ್ಸನ್ನು ಸ್ಕಿಬೋಟ್ನ್ ಕಣಿವೆ ದಾಟಿಸಿ, ಫಿನ್ಲೆಂಡಿನ ಗಡಿಯಾಚೆಗೆ, 150 ಕಿಲೋಮೀಟರಿಗೂ ಹೆಚ್ಚು ದೂರ ಓಡಿಸಿದ್ದನಂತೆ. ಅಲ್ಲಿ ಆಕಾಶ ತೊಳೆದಂತಿತ್ತು. ಆ ರಾತ್ರಿಯ ಸಂಕಟ ನನಗೆ ಇನ್ನೂ ಹೋಗಿಲ್ಲ. ಟ್ರೊಮ್ಸೊ ಸಮುದ್ರದ ಮಗ್ಗುಲಿನ ಊರು, ಕಡಲಿನ ತೇವ ಬಂದು ಬೆಟ್ಟಕ್ಕೆ ತಡೆದು ಮೋಡ ಕಟ್ಟುತ್ತದೆ. ಬೆಟ್ಟದ ಆಚೆಯ ಒಳನಾಡು ಒಣಗಿರುತ್ತದೆ. ಘಟ್ಟದ ಮೇಲೆ ಮಳೆ ಸುರಿದು ನಮ್ಮ ಬಯಲುಸೀಮೆಗೆ ಬರುವಾಗ ಮೋಡ ಬರಿದಾಗುವುದಿಲ್ಲವೇ, ಹಾಗೆ. ನಮಗೆ ಶಾಪವಾಗಿರುವ ಮಳೆನೆರಳು ಅಲ್ಲಿ ವರ. ಅಬಿಸ್ಕೊಗೆ ಹೆಸರು ಬಂದಿರುವುದೂ ಅದರಿಂದಲೇ.

ಆದ್ದರಿಂದ ಪ್ರವಾಸ ನಡೆಸುವವರನ್ನು ಕೇಳಬೇಕಾದದ್ದು ಇಷ್ಟು. ಒಂದು ಗಾಡಿಯಲ್ಲಿ ಎಷ್ಟು ಜನ? ಹದಿನೈದು ದಾಟಿದರೆ ಚಿತ್ರ ತೆಗೆಯುವವರು ಬೇರೆ ನೋಡಿಕೊಳ್ಳುವುದು ಒಳ್ಳೆಯದು. ಮೋಡ ಕವಿದರೆ ಎಷ್ಟು ದೂರದವರೆಗೆ ಓಡಿಸುತ್ತೀರಿ, ಗಡಿ ದಾಟುತ್ತೀರಾ? ದಾಟುತ್ತೇವೆ ಎಂದರೆ ಪಾಸ್‌ಪೋರ್ಟ್ ಜೇಬಿನಲ್ಲೇ ಇರಬೇಕು, ಹೋಟೆಲಿನಲ್ಲಿ ಬಿಡಬಾರದು. ವಾಪಸ್ ಬರುವ ಹೊತ್ತು ನಿಗದಿಯೋ, ಆಕಾಶ ನೋಡಿ ತೀರ್ಮಾನವೋ? ಓಡಿಸುವವನಿಗೆ ಪ್ರಯಾಣಿಕರನ್ನು ಕರೆದೊಯ್ಯುವ ಪರವಾನಗಿ ಇದೆಯೇ? ಮಂಜುಗಡ್ಡೆಯ ರಸ್ತೆ, ನಡುವೆ ಬಂದು ನಿಲ್ಲುವ ಹಿಮಸಾರಂಗ, ನಡುರಾತ್ರಿ. ಈ ಪ್ರಶ್ನೆಗೆ ಸಂಕೋಚ ಪಡಬಾರದು. ಎಷ್ಟೇ ಒಳ್ಳೆಯ ಗೈಡ್ ಇದ್ದರೂ ಒಂದೇ ರಾತ್ರಿಗೆಂದು ಹೋಗಬೇಡಿ. ಕನಿಷ್ಠ ಮೂರು ರಾತ್ರಿ, ಸಾಧ್ಯವಾದರೆ ನಾಲ್ಕು ಇಟ್ಟುಕೊಳ್ಳಿ.

ಮಕ್ಕಳ ಬೇಸಿಗೆ ರಜೆಗೆ ಹೋಗೋಣ ಎನ್ನುವವರನ್ನು ನಾನು ತಡೆದು ಕೂರಿಸುತ್ತೇನೆ. ಮೇ ತಿಂಗಳ ಕೊನೆಯಲ್ಲಿ ಅಲ್ಲಿ ನಡುರಾತ್ರಿಯಲ್ಲೂ ಸೂರ್ಯ ಮುಳುಗುವುದಿಲ್ಲ. ಏಪ್ರಿಲ್ ನಡುಭಾಗದಿಂದ ಆಗಸ್ಟ್ ಕೊನೆಯವರೆಗೆ ಸುಮಾರಾಗಿ ಕತ್ತಲೆಯೇ ಸಾಲದು. ನಮ್ಮವರಿಗೆ ನಾನು ಹೇಳುವುದು ದಸರಾ ರಜೆ. ವಿಷುವತ್ತಿನ ಆಸುಪಾಸಿನಲ್ಲಿ, ಅಂದರೆ ಸೆಪ್ಟೆಂಬರ್ ಕೊನೆ ಮತ್ತು ಮಾರ್ಚ್ ಕೊನೆಯ ಹೊತ್ತಿಗೆ, ಕಾಂತಕ್ಷೇತ್ರದ ಚಟುವಟಿಕೆ ಸಾಮಾನ್ಯವಾಗಿ ಹೆಚ್ಚು. ಚಳಿಯೂ ತಡೆಯುವಂತಿರುತ್ತದೆ. ಸರೋವರ ಇನ್ನೂ ಹೆಪ್ಪುಗಟ್ಟಿರುವುದಿಲ್ಲವಾದ್ದರಿಂದ ನೀರಿನಲ್ಲೂ ಬೆಳಕು ಮೂಡುತ್ತದೆ. ಹಿಮ ಬೇಕೇ ಬೇಕು ಎನ್ನುವವರು ಫೆಬ್ರವರಿ, ಮಾರ್ಚ್ ನೋಡಿಕೊಳ್ಳಬಹುದು. ಅಮಾವಾಸ್ಯೆಯೇ ಆಗಬೇಕು ಎಂಬ ಹಟವೂ ಬೇಡ. ಅರ್ಧ ಚಂದ್ರನಿದ್ದರೆ ಬೆಟ್ಟ, ಮರ, ಹಿಮ ಎಲ್ಲವೂ ಚಿತ್ರದಲ್ಲಿ ಜೀವ ತಳೆಯುತ್ತವೆ.

ಇನ್ನೊಂದು ಹಟ ಕೆಪಿ ಅಂಕಿಯದು. ಮೊಬೈಲಿನಲ್ಲಿ ಆ್ಯಪ್ ಇಳಿಸಿಕೊಂಡು, "ಇವತ್ತು ಕೆಪಿ ಎರಡೇ ಇದೆ, ಹೋಗುವುದು ಬೇಡ" ಎನ್ನುತ್ತಾರೆ. ಕೆಪಿ ಎಂಬುದು ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು ಹೇಳುವ, 0ಯಿಂದ 9ರವರೆಗಿನ ಅಳತೆ. ಇಡೀ ಭೂಮಿಗೆ ಸೇರಿಸಿ, ಮೂರು ಗಂಟೆಗೆ ಒಂದರಂತೆ ಹೇಳುವ ಲೆಕ್ಕ ಅದು. ಟ್ರೊಮ್ಸೊ ಬಳೆಯ ಕೆಳಗೇ ಇರುವುದರಿಂದ ಒಂದೆರಡು ಅಂಕಿಯಲ್ಲೂ ನೆತ್ತಿಯ ಮೇಲೆ ಬೆಳಕು ಆಡುತ್ತದೆ. ಅನುಭವಿ ಗೈಡ್ ನೋಡುವುದು ಬೇರೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ನಮ್ಮ ಆದಿತ್ಯ-ಎಲ್1 ಕೂಡ ನಿಂತಿರುವ ಜಾಗದಲ್ಲಿ, ಉಪಗ್ರಹಗಳು ಸೂರ್ಯನಿಂದ ಹರಿದು ಬರುವ ಕಣಗಳ ಪ್ರವಾಹವಾದ ಸೌರಮಾರುತವನ್ನು ಅಳೆಯುತ್ತವೆ. ಅದರ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿತೆಂದರೆ ಆ ಕಣಗಳಿಗೆ ಭೂಮಿಯ ಬಾಗಿಲು ತೆರೆದಂತೆ. ಅಲ್ಲಿಂದ ಇಲ್ಲಿಗೆ ಅದು ತಲುಪಲು ಅರ್ಧ ಗಂಟೆಯಿಂದ ಒಂದು ಗಂಟೆ. ಎಲ್ಲರೂ ಚಹಾ ಕುಡಿಯುತ್ತಿರುವಾಗ ಗೈಡ್ ಎದ್ದು "ಕ್ಯಾಮೆರಾ ಸಿದ್ಧ ಮಾಡಿಕೊಳ್ಳಿ" ಎಂದರೆ ಅವನು ಇದನ್ನು ನೋಡಿರುತ್ತಾನೆ.

ಈಗ ಜಾಹೀರಾತು ಹೇಳದ ಮಾತು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಸಾಧಾರಣ ರಾತ್ರಿಯ ಧ್ರುವಪ್ರಭೆ ಬೂದು ಬಣ್ಣದ ತೆಳು ಮೋಡದಂತೆ ಕಾಣುತ್ತದೆ, ಕ್ಯಾಮೆರಾ ಅದನ್ನೇ ಹಸಿರಾಗಿ ತೋರಿಸುತ್ತದೆ. ಚಿಂತಾಮಣಿಯ ಒಬ್ಬ ನಿವೃತ್ತ ಮೇಷ್ಟ್ರು ತಂಡದಲ್ಲಿದ್ದರು. ಮೊದಲ ಪಟ್ಟಿ ಮೂಡಿದಾಗ "ಇದು ಮೋಡವಲ್ಲವೇ?" ಎಂದರು. ಮೊಬೈಲನ್ನು ಟ್ರೈಪಾಡಿಗೆ ಹಾಕಿ ಮೂರು ಸೆಕೆಂಡಿನ ಚಿತ್ರ ತೋರಿಸಿದೆ. ಹಸಿರು ಕಂಡು ಅವರ ಮುಖ ಸಪ್ಪಗಾಯಿತು. "ಹಾಗಾದರೆ ನನ್ನ ಕಣ್ಣಿಗೆ ಇಷ್ಟೇ ಏನಪ್ಪಾ?" ಎಂದರು. "ಕತ್ತಲೆಗೆ ಕಣ್ಣು ಒಗ್ಗಲು ಅರ್ಧ ಗಂಟೆ ಬೇಕು ಮೇಷ್ಟ್ರೇ, ಮೊಬೈಲ್ ಜೇಬಿನಲ್ಲಿಡಿ" ಎಂದೆ. ಒಂದೂವರೆ ಗಂಟೆಯ ನಂತರ ಆ ಪಟ್ಟಿ ಹೊಳಪೇರಿ, ನೆರಿಗೆ ನೆರಿಗೆಯಾಗಿ ಒಡೆದು, ಹಸಿರು ಸೀರೆಗೆ ಗುಲಾಬಿ ಅಂಚು ಹಾಕಿದಂತೆ ನೆತ್ತಿಯ ಮೇಲೆ ಓಡಿತು. ಅಷ್ಟು ಹೊಳಪಿದ್ದಾಗ ಬಣ್ಣ ಬರಿಗಣ್ಣಿಗೇ ಕಾಣುತ್ತದೆ. ಮೇಷ್ಟ್ರು ಏನೂ ಮಾತಾಡಲಿಲ್ಲ, ಟೋಪಿ ತೆಗೆದು ನಿಂತುಬಿಟ್ಟರು. ಆ ಚಳಿಯಲ್ಲಿ ಟೋಪಿಯನ್ನು ನಾನೇ ಮತ್ತೆ ಹಾಕಿಸಬೇಕಾಯಿತು.

ಕ್ಯಾಮೆರಾದ ವಿಷಯದಲ್ಲಿ ಹೊಸದು ಕೊಳ್ಳುವ ಮೊದಲು ಗಟ್ಟಿ ಟ್ರೈಪಾಡ್ ಕೊಳ್ಳಿ ಎನ್ನುತ್ತೇನೆ. 14ರಿಂದ 24 ಮಿಲಿಮೀಟರ್‌ನ, ಎಫ್ 2.8ರಷ್ಟು ಅಗಲ ತೆರೆಯುವ (ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು) ಲೆನ್ಸ್ ಇದ್ದರೆ ಒಳ್ಳೆಯದು. ಕ್ಯಾಮೆರಾ ಜೊತೆಗೆ ಬಂದ 18 ಮಿಲಿಮೀಟರ್, ಎಫ್ 3.5 ಲೆನ್ಸಿನಲ್ಲೂ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಇಟ್ಟು ಎಂಟು ಹತ್ತು ಸೆಕೆಂಡಿನಲ್ಲಿ ಚೆಂದದ ಚಿತ್ರ ಬರುತ್ತದೆ. ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕು ಒಳಬಿಡುವ ಹೊತ್ತನ್ನು, ಧ್ರುವಪ್ರಭೆಯ ನಡಿಗೆ ನೋಡಿ ಬದಲಿಸಬೇಕು. ಮಂದವಾಗಿ ಮಲಗಿರುವ ಪಟ್ಟಿಗೆ 10ರಿಂದ 15 ಸೆಕೆಂಡ್ ಸರಿ. ನೆರಿಗೆ ಓಡತೊಡಗಿದಾಗಲೂ ಹದಿನೈದರಲ್ಲೇ ಉಳಿದರೆ ನೆರಿಗೆಯೆಲ್ಲ ಕಲಸಿ ಹಸಿರು ಗಂಜಿಯಾಗುತ್ತದೆ. ಆಗ ಎರಡು ಮೂರು ಸೆಕೆಂಡಿಗೆ ಇಳಿಯಬೇಕು, ಬಹಳ ಹೊಳಪಿದ್ದರೆ ಒಂದಕ್ಕೆ. ಬಣ್ಣದ ಹದ ಹೇಳುವ ವೈಟ್ ಬ್ಯಾಲೆನ್ಸ್ 3500ರಿಂದ 4000 ಕೆಲ್ವಿನ್‌ನಲ್ಲಿ ಕಟ್ಟಿಹಾಕಿ, ಆಮೇಲೆ ತಿದ್ದಲು ಅನುಕೂಲವಾದ ರಾ ಕಡತದಲ್ಲಿ ತೆಗೆಯಿರಿ. ಕತ್ತಲೆಯಲ್ಲಿ ಪರದೆಯ ಮೇಲೆ ಎಲ್ಲ ಚಿತ್ರವೂ ಹೊಳೆಯುತ್ತದೆ, ಮನೆಗೆ ಬಂದು ನೋಡಿದರೆ ಕಪ್ಪು. ಪರದೆಯ ಹೊಳಪು ತಗ್ಗಿಸಿ, ಚಿತ್ರದಲ್ಲಿ ಬೆಳಕು ಎಷ್ಟಿದೆ ಎಂದು ತೋರಿಸುವ ರೇಖಾಚಿತ್ರವಾದ ಹಿಸ್ಟೊಗ್ರಾಮನ್ನೇ ನಂಬಬೇಕು.

ಲೆನ್ಸಿನ ಮುಂದೆ ಕಾಯಂ ಹಾಕಿಟ್ಟಿರುವ ಯುವಿ ಫಿಲ್ಟರನ್ನು ಬಿಚ್ಚಿಡಿ. ಧ್ರುವಪ್ರಭೆಯ ಹಸಿರು ಒಂದೇ ತರಂಗಾಂತರದ ಬೆಳಕು, 557.7 ನ್ಯಾನೋಮೀಟರ್. ಅದು ಫಿಲ್ಟರಿನ ಗಾಜಿನ ಎರಡು ಮೈಗಳ ನಡುವೆ ಪ್ರತಿಫಲಿಸಿ, ಚಿತ್ರದ ನಡುವೆ ನೀರಿಗೆ ಕಲ್ಲು ಹಾಕಿದಂತೆ ಉಂಗುರಗಳನ್ನು ಮೂಡಿಸುತ್ತದೆ. ಆ ಉಂಗುರಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಲು ಹೋಗಿ ನಾನು ದಿನಗಟ್ಟಲೆ ಸೋತಿದ್ದೇನೆ.

ಫೋಕಸ್ ಎಲ್ಲಕ್ಕಿಂತ ಕಷ್ಟ. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಮ್ಯಾನುಯಲ್‌ಗೆ ಹಾಕಿ, ಒಂದು ಹೊಳೆಯುವ ನಕ್ಷತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿಕೊಂಡು, ಅದು ಸೂಜಿಮೊನೆಯಾಗುವವರೆಗೆ ತಿರುಗಿಸಿ, ಮೇಲೆ ಟೇಪ್ ಅಂಟಿಸಬೇಕು. ಇಲ್ಲಿ ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ಹಿಡಿದು ಕಲಿತವರಿಗೆ ಟ್ರೊಮ್ಸೊದಲ್ಲಿ ಅದು ಸಿಗುವುದಿಲ್ಲ, ದಿಗಂತಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿ ಬ್ರಹ್ಮಹೃದಯ (ಕ್ಯಾಪೆಲ್ಲ), ಅಭಿಜಿತ್ (ವೇಗಾ) ನಕ್ಷತ್ರಗಳು ಸಹಾಯಕ್ಕೆ ಬರುತ್ತವೆ.

ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಇನ್ನೊಂದೆರಡನ್ನು ಒಳಜೇಬಿನಲ್ಲಿ, ಮೈಶಾಖಕ್ಕೆ ಇಟ್ಟುಕೊಳ್ಳಿ. ಕ್ಯಾಮೆರಾವನ್ನು ಹೊರಗಿನಿಂದ ಬಿಸಿ ಕೋಣೆಗೆ ತರುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಒಳಗೆ ಬಂದ ಮೇಲೂ ಕೆಲವು ತಾಸು ಬಿಚ್ಚಬಾರದು. ಏಕೆ ಎಂದು ತಂಡದವರಿಗೆ ವಿವರಿಸುತ್ತಿದ್ದಾಗ ನಂದಿ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು, "ಕೋಲ್ಡ್ ಸ್ಟೋರೇಜಿನಿಂದ ಕ್ರೇಟು ಈಚೆಗೆ ತೆಗೆದರೆ ಹಣ್ಣು ಬೆವರುವ ಹಾಗೆ" ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಬಟ್ಟೆಯಲ್ಲಿ ಮೈಗೆ ತಾಗುವುದು ಹತ್ತಿ ಬನಿಯನ್ ಆಗಬಾರದು. ಬೆವರು ಹೀರಿ ಒದ್ದೆಯಾಗಿ ಅದೇ ಮೈ ಕೊರೆಯುತ್ತದೆ, ಉಣ್ಣೆಯದು ಬೇಕು. ಬಿಗಿಯಾದ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಆಡದೆ ಬೆರಳು ಮರಗಟ್ಟುತ್ತದೆ. ಊಟಕ್ಕೆ ಅಲ್ಲಿಯ ಸೂಪು ಹಿಡಿಸದವರಿಗಾಗಿ ನಾನು ಪ್ರತಿ ಸಲವೂ ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ ಒಯ್ಯುತ್ತೇನೆ. ಫ್ಲಾಸ್ಕಿನ ಬಿಸಿನೀರಿಗೆ ಕಲಸಿಕೊಂಡರೆ ಬೆಳಗಿನ ಜಾವದವರೆಗೆ ನಿಲ್ಲುವ ಶಕ್ತಿ ಬರುತ್ತದೆ.

ಇದೆಲ್ಲವನ್ನೂ ಅಲ್ಲಿ ಹೋಗಿ ಕಲಿಯಲು ಆಗುವುದಿಲ್ಲ. ಹಾಗಾಗಿ ಹೊರಡುವ ಮೊದಲು ಮೂರು ರಾತ್ರಿ ನಮ್ಮ ತಂಡ ಗುಡಿಬಂಡೆಯ ಅಮಾನಿ ಬೈರಸಾಗರದ ಕಡೆಗೆ ಹೋಗುತ್ತದೆ. ನಂದಿ ಬೆಟ್ಟದ ಮೇಲೆ ರಾತ್ರಿ ಸಾಮಾನ್ಯವಾಗಿ ಬಿಡುವುದಿಲ್ಲ, ಬಿಟ್ಟರೂ ಬೆಂಗಳೂರಿನ ಬೆಳಕು ಅರ್ಧ ಆಕಾಶ ತಿಂದಿರುತ್ತದೆ. ಕೆರೆ ಏರಿಯ ಮೇಲೆ ನಿಂತು ಮೊದಲು ಧ್ರುವ ನಕ್ಷತ್ರ ತೋರಿಸುತ್ತೇನೆ. ಇಲ್ಲಿ ಅದು ದಿಗಂತದಿಂದ ಸುಮಾರು 14 ಡಿಗ್ರಿ ಮೇಲೆ, ಗುಡ್ಡದ ನೆತ್ತಿಗೆ ತಾಗಿದಂತಿರುತ್ತದೆ. ಟ್ರೊಮ್ಸೊದಲ್ಲಿ ಹತ್ತಿರ ಹತ್ತಿರ 70 ಡಿಗ್ರಿ, ಕತ್ತು ಹಿಂದಕ್ಕೆ ಬಾಗಿಸಿದರೇ ಕಾಣುವುದು. ಕ್ಯಾಮೆರಾವನ್ನೂ ಅಷ್ಟೇ ಮೇಲಕ್ಕೆ ಬಾಗಿಸಿ ನಿಲ್ಲಿಸುವ ಅಭ್ಯಾಸ ಬೇಕು. ಆಮೇಲೆ ಎಲ್ಲರಿಗೂ ದಪ್ಪ ಕೈಗವಸು ಹಾಕಿಸಿ, ಟಾರ್ಚ್ ಆರಿಸಿ, ಚೀಲದಿಂದ ಕ್ಯಾಮೆರಾ ತೆಗೆದು, ನಿಲ್ಲಿಸಿ, ಫೋಕಸ್ ಹಿಡಿದು ಮೊದಲ ಚಿತ್ರ ತೆಗೆಯಲು ಎಷ್ಟು ಹೊತ್ತಾಗುತ್ತದೆ ಎಂದು ಗಡಿಯಾರ ನೋಡುತ್ತೇನೆ.

ಆ ದ್ರಾಕ್ಷಿ ಬೆಳೆಗಾರರಿಗೆ ಮೊದಲ ರಾತ್ರಿ ಹನ್ನೊಂದು ನಿಮಿಷ ಹಿಡಿಯಿತು. ಮೂರನೆಯ ರಾತ್ರಿ ಎರಡು ನಿಮಿಷಕ್ಕೆ ಮುಗಿಸಿದರು. ಮುಂದೆ ಸ್ಕಿಬೋಟ್ನ್ ಕಣಿವೆಯಲ್ಲಿ, ರಾತ್ರಿ ಒಂದು ಗಂಟೆ ದಾಟಿದ ಮೇಲೆ ಮೋಡ ಒಡೆದು, ಬೆಳಕು ಉಕ್ಕಿ ಹರಿದದ್ದು ಒಟ್ಟು ಆರು ನಿಮಿಷ.